ಆರ್‌ಎಫ್‌ಸಿ 1191ರ ನಂಬಿಕೆ: ಒಂದು ವಿಮರ್ಶೆ

ಕಾಂಗೇಯಂನ ಒಂದು ಕೊಬ್ಬರಿ ಎಣ್ಣೆ ಗಿರಣಿಯ ಕಚೇರಿಯಿಂದ ಶುರು ಮಾಡ್ತೀನಿ. ಅಲ್ಲಿ ಪಿಂಗ್ ಹೋಗುತ್ತಿತ್ತು, ಸಣ್ಣ ಮೇಲ್ ಹೋಗುತ್ತಿತ್ತು. ಇನ್‌ವಾಯ್ಸ್ ಲಗತ್ತಿಸಿದರೆ ಮಾತ್ರ ನಿಂತುಬಿಡೋದು. ತುಂಡು ಮಾಡಬಾರದೆಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿದ್ವಿ, ಉತ್ತರವಿಲ್ಲ, 1464ಕ್ಕೆ ಬಂತು. ಹೆಡರ್‌ಗಳ 28 ಸೇರಿದರೆ 1492. ಅಂದರೆ ಈಥರ್‌ನೆಟ್‌ನ 1500ರಲ್ಲಿ ಪಿಪಿಪಿಓಇ 8 ಬೈಟ್ ತಿಂದಿದೆ.

1990ರ ಆರ್‌ಎಫ್‌ಸಿ 1191ರಲ್ಲಿ ಮೊಗುಲ್ ಮತ್ತು ಡೀರಿಂಗ್ ಹೇಳೋದು ಇಷ್ಟು: ದೊಡ್ಡ ಪ್ಯಾಕೆಟ್ಟನ್ನು ಸಾಗಿಸಲಾಗದೆ ಎಸೆದ ರೂಟರ್, ತನ್ನ ಮಿತಿಯನ್ನು ಐಸಿಎಂಪಿ ಮೂಲಕ ತಿಳಿಸಬೇಕು. ನನ್ನ ಆಕ್ಷೇಪ ಇಲ್ಲೇ. ಆ ಕಚೇರಿಯ ಫೈರ್‌ವಾಲ್ ಪಿಂಗ್ ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ತಡೆದಿತ್ತು. ಸುದ್ದಿ ಬಾರದ ಕಂಪ್ಯೂಟರ್ ಅದೇ ಅಳತೆಯ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು.

ಎಂಎಸ್‌ಎಸ್ ಅನ್ನು 1452ಕ್ಕೆ ಇಳಿಸಿ ನಾವು ಕೈ ತೊಳ್ಕೊಳ್ತೀವಿ. ಅದು ಟಿಸಿಪಿಗಷ್ಟೇ ಮದ್ದು, ಯುಡಿಪಿಗಲ್ಲ. 2007ರ ಆರ್‌ಎಫ್‌ಸಿ 4821 ಐಸಿಎಂಪಿಯನ್ನೇ ನೆಚ್ಚದೆ, ಬೇರೆ ಬೇರೆ ಅಳತೆ ಕಳಿಸಿ, ಯಾವುದು ತಲುಪಿತೋ ಅದರಿಂದ ಕಲಿಯುತ್ತೆ. 2020ರ 8899 ಈ ಉಪಾಯವನ್ನು ಯುಡಿಪಿಗೂ ತಂತು. ಆದರೂ ಲ್ಯಾಬ್‌ನಲ್ಲಿ 1492 ಅಂತ ಬಾಯಿಪಾಠ ಮಾಡೋದೇ ನಡೀತಿದೆ. ಐಸಿಎಂಪಿ ಟೈಪ್ 3, ಕೋಡ್ 4 ಅನ್ನು ಒಳಗೆ ಬಿಡುವ ಒಂದು ಸಾಲಿನ ನಿಯಮ ಬರೆಯೋದನ್ನು ಮೊದಲು ಕಲಿಸೋಣ.