ಹಾಕಿಯಲ್ಲಿ ಗೋಲಿನಾಚೆಯ ಲೆಕ್ಕ

ಕಾಕನಕೋಟೆ, ನಾಗರಹೊಳೆ ಕಾಡುಗಳ ಸೀಮೆಗೆ ಸಂಖ್ಯಾಶಾಸ್ತ್ರ ಹೊಸದಲ್ಲ. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾಗಳನ್ನಿಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಚಿತ್ರಕ್ಕೆ ಸಿಗದ ಹುಲಿಗಳು ಎಷ್ಟಿರಬಹುದೆಂದೂ ಅಂದಾಜು ಮಾಡಿದರು. ಕಣ್ಣಿಗೆ ಬಿದ್ದದ್ದೇ ಒಟ್ಟು ಸಂಖ್ಯೆಯಲ್ಲ ಎಂಬುದು ಆ ವಿಧಾನದ ತಿರುಳು. ಅದೇ ಕಾಡಿನ ಪಶ್ಚಿಮದ ಅಂಚಿಗೆ ಹಾಕಿಯ ತವರು ಕೊಡಗು ಇದೆ. ಹಾಕಿಯಲ್ಲಿ ಮಾತ್ರ ನಾವು ಇನ್ನೂ ಕಂಡದ್ದನ್ನೇ, ಅಂದರೆ ಗೋಲನ್ನೇ, ಎಣಿಸುತ್ತಿದ್ದೇವೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ನೆನಪಿಸಿಕೊಳ್ಳಿ. ಬ್ರಿಟನ್ ವಿರುದ್ಧ 17ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ಉಳಿದ ಆಟವನ್ನು ಭಾರತ ಹತ್ತು ಜನರಿಂದ ಆಡಿತು. ಅಂಕಪಟ್ಟಿ 1-1 ಎಂದಷ್ಟೇ ಹೇಳುತ್ತದೆ. ಗೋಲ್‌ಕೀಪರ್ ಶ್ರೀಜೇಶ್ ತಡೆದ ಹೊಡೆತಗಳು ಅದರಲ್ಲಿ ಎಲ್ಲಿವೆ?

ಈ ಕೊರತೆ ತುಂಬಲು ಹೊಸ ಅಳತೆಗಳು ಬಂದಿವೆ. ಹೆಚ್ಚಿನವು ಹುಟ್ಟಿದ್ದು ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ. ಅಲ್ಲಿ ಪ್ರಸಿದ್ಧವಾದ 'ಕಾರ್ಸಿ' ಎಂಬ ಅಳತೆ ಗುರಿ ಮುಟ್ಟಿದ, ತಪ್ಪಿದ, ಎದುರಾಳಿ ಅಡ್ಡಗಟ್ಟಿದ ಹೊಡೆತಗಳೆಲ್ಲವನ್ನೂ ಸೇರಿಸಿ ಎಣಿಸುತ್ತದೆ. ಗೋಲುಗಳು ವಿರಳ, ಹೊಡೆತಗಳು ಹೇರಳ. ಮಾದರಿ ದೊಡ್ಡದಾದಷ್ಟೂ ಅದೃಷ್ಟದ ಪಾಲು ಕಡಿಮೆ. ತರ್ಕ ಸರಿಯಾಗಿದೆ.

ಆದರೆ ಅದನ್ನು ಹಾಗೆಯೇ ನಮ್ಮ ಹಾಕಿಗೆ ತಂದರೆ ಎಡವುತ್ತೇವೆ. ಮಂಜಿನಂಕಣದಲ್ಲಿ ದೂರದಿಂದ ಹೊಡೆದರೂ ಗೋಲಾಗಬಹುದು. ನಮ್ಮಲ್ಲಿ ದಾಳಿಕಾರನ ಸ್ಟಿಕ್ ಚೆಂಡನ್ನು 'ಡಿ' ವೃತ್ತದೊಳಗೆ ಮುಟ್ಟಿರಲೇಬೇಕು. ಜೊತೆಗೆ ಪೆನಾಲ್ಟಿ ಕಾರ್ನರ್ ಇದೆ. ಪ್ಯಾರಿಸ್‌ನ ಎಂಟು ಪಂದ್ಯಗಳಲ್ಲಿ ಭಾರತ ಹೊಡೆದ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಸಿಂಗ್ ಒಬ್ಬರದೇ. ಅವೆಲ್ಲ ಪೆನಾಲ್ಟಿ ಕಾರ್ನರ್ ಅಥವಾ ಸ್ಟ್ರೋಕ್‌ನಿಂದ ಬಂದವು. ಇಕ್ಕಟ್ಟಾದ ಕೋನದಿಂದ ತಳ್ಳಿದ ಚೆಂಡಿಗೂ ಪೆನಾಲ್ಟಿ ಸ್ಟ್ರೋಕಿಗೂ ಒಂದೇ ಬೆಲೆ ಕಟ್ಟುವ ಅಳತೆ ಇಲ್ಲಿ ಏನನ್ನು ಹೇಳೀತು?

'ನಿರೀಕ್ಷಿತ ಗೋಲು' ಎಂಬ ಇನ್ನೊಂದು ಸಾಧನ ಇದಕ್ಕಿಂತ ಮೇಲು. ಅದು ಪ್ರತಿ ಹೊಡೆತಕ್ಕೂ ದೂರ, ಕೋನ, ಸಂದರ್ಭ ನೋಡಿ ಗೋಲಾಗುವ ಸಂಭವನೀಯತೆ ಕೊಡುತ್ತದೆ. ಅಂಥ ನಾಲ್ಕು ಹೊಡೆತಗಳ ಬೆಲೆ ತಲಾ 0.25 ಆದರೆ ನಿರೀಕ್ಷೆ ಒಂದು ಗೋಲು. ಆದರೆ ಈ 0.25 ಬರುವುದು ಸಾವಿರಾರು ಹಿಂದಿನ ಹೊಡೆತಗಳ ದಾಖಲೆಯಿಂದ. ದಾಖಲೆ ಇಲ್ಲದಿದ್ದರೆ ಅದು ದಶಮಾಂಶ ಬಿಂದು ಹಚ್ಚಿದ ಊಹೆ, ಅಷ್ಟೆ.

ಸಣ್ಣ ಮಾದರಿಯ ಮೋಸವನ್ನು ತರಗತಿಯಲ್ಲೇ ತೋರಿಸಬಹುದು. ಒಬ್ಬ ಆಟಗಾರ ನಿಜವಾಗಿ ನಾಲ್ಕು ಕಾರ್ನರ್‌ಗೆ ಒಂದು ಗೋಲು ಹೊಡೆಯುವವನು ಎನ್ನೋಣ. ಐದು ಕಾರ್ನರ್ ಸಿಕ್ಕರೆ ಎರಡು ಅಥವಾ ಹೆಚ್ಚು ಗೋಲು ಬರುವ ಸಂಭವನೀಯತೆ ಎಷ್ಟು? ದ್ವಿಪದ ವಿತರಣೆಯಿಂದ ಸುಮಾರು 0.37. ಅಂದರೆ ನೂರರಲ್ಲಿ ಮೂವತ್ತೇಳು ಸಲ ಈ ಸಾಧಾರಣ ಆಟಗಾರ 'ಶೇಕಡ 40ರ ಸಾಧಕ'ನಾಗಿ ಪತ್ರಿಕೆಯಲ್ಲಿ ಮೆರೆಯುತ್ತಾನೆ!

ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಈ ತೊಡಕು ಇನ್ನೂ ದೊಡ್ಡದು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಈ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು; ಗಿನ್ನೆಸ್ ದಾಖಲೆಯೂ ಆಯಿತು. ಸೋತವರು ಹೊರಹೋಗುವ ನಾಕೌಟ್ ಪದ್ಧತಿಯಲ್ಲಿ ಸುಮಾರು ಅರ್ಧದಷ್ಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಒಂದು ಪಂದ್ಯದಿಂದ ಒಂದು ತಂಡಕ್ಕೆ ರ‍್ಯಾಂಕು ಕೊಡುವ ಯಾವ ಸೂತ್ರವನ್ನೂ ನಾನು ನಂಬಲಾರೆ.

ಅಲ್ಲಿನ ನಿಜವಾದ ಸಂಪತ್ತು ಬೇರೆ. 360 ತಂಡಗಳ ನಾಕೌಟ್ ಮುಗಿಯಲು 359 ಪಂದ್ಯ ಬೇಕು. ತಂಡಗಳನ್ನು ಬಿಟ್ಟು ಹೊಡೆತಗಳನ್ನು ಒಟ್ಟುಗೂಡಿಸಿದರೆ ಒಂದೇ ಉತ್ಸವದಲ್ಲಿ ಒಳ್ಳೆಯ ದೊಡ್ಡ ಮಾದರಿ ಸಿಗುತ್ತದೆ. ಕಂಪ್ಯೂಟರ್ ಆಮೇಲೆ ಬರಲಿ. ಪಂದ್ಯಕ್ಕೊಂದು ಹಾಳೆ, ಅದರ ಮೇಲೆ 'ಡಿ'ಯ ಚಿತ್ರ, ಹೊಡೆದ ಜಾಗಕ್ಕೊಂದು ಚುಕ್ಕೆ, ಕಾರ್ನರ್ ಆದರೆ 'ಕಾ', ಗೋಲಾದರೆ ಸುತ್ತ ವೃತ್ತ. ಪಿರಿಯಾಪಟ್ಟಣದಿಂದಲೋ ಹುಣಸೂರಿನಿಂದಲೋ ಬೇಸಿಗೆ ರಜೆಯಲ್ಲಿ ಆಟ ನೋಡಲು ಹೋಗುವ ಇಬ್ಬರು ವಿದ್ಯಾರ್ಥಿಗಳು, ಪರಸ್ಪರ ನೋಡಿಕೊಳ್ಳದೆ, ಒಂದೇ ಪಂದ್ಯವನ್ನು ಬೇರೆ ಬೇರೆ ಹಾಳೆಯಲ್ಲಿ ಗುರುತಿಸಲಿ. ಇಬ್ಬರ ಚುಕ್ಕೆಗಳು ಎಷ್ಟು ಹೊಂದುತ್ತವೆ ಎಂಬುದನ್ನೇ ಮೊದಲು ಲೆಕ್ಕ ಹಾಕಬೇಕು.