ಮನೆಯ ವೈಫೈ: ಪ್ರಿಂಟರ್ ಗೆದ್ದಿತು, ಡಿಸ್ಕ್ ಇನ್ನೂ ಇಲ್ಲ

ಮನೆಗೆಲ್ಲ ಒಂದೇ ಪ್ರಿಂಟರ್, ಒಂದೇ ಹಾರ್ಡ್ ಡಿಸ್ಕ್, ಎರಡೂ ವೈಫೈಯಲ್ಲಿ ಎಲ್ಲರಿಗೂ ಸಿಗಬೇಕು. ಈ ಆಸೆಯ ಅರ್ಧ ಭಾಗ ಇವತ್ತು ನಿಜಕ್ಕೂ ಈಡೇರಿದೆ. 2010ರಲ್ಲಿ ಆಪಲ್ ತಂದ ಏರ್‌ಪ್ರಿಂಟ್, ಆಮೇಲೆ ಆಂಡ್ರಾಯ್ಡ್ ಫೋನುಗಳಿಗೆ ಬಂದ ಮೊಪ್ರಿಯಾ, ಎರಡೂ ಸೇರಿ ಡ್ರೈವರ್ ಸಿ.ಡಿ. ಹುಡುಕುವ ಕಾಟ ತಪ್ಪಿಸಿದವು. ಮಗಳ ಹಾಲ್ ಟಿಕೆಟ್ ಈಗ ಅಮ್ಮನ ಫೋನಿನಿಂದಲೇ ಪ್ರಿಂಟ್ ಆಗುತ್ತದೆ.

ಉಳಿದಿರುವುದು ಒಂದು ಕಿರಿಕಿರಿ. ಪ್ರಿಂಟರಿನ ದೀಪ ಉರಿಯುತ್ತಿರುತ್ತದೆ, ಕಾಗದವೂ ಇರುತ್ತದೆ, ಕಂಪ್ಯೂಟರ್ ಮಾತ್ರ ‘ಆಫ್‌ಲೈನ್’ ಎನ್ನುತ್ತದೆ. ಎಷ್ಟೋ ಸಲ ಕಾರಣ ಇಷ್ಟೇ: ಕರೆಂಟ್ ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿದೆ. 192.168.1.5 ಇದ್ದದ್ದು 192.168.1.8 ಆಗಿದೆ, ಕಂಪ್ಯೂಟರ್ ಹಳೆಯದನ್ನೇ ತಡಕುತ್ತಿದೆ. ರೌಟರ್ ಸೆಟ್ಟಿಂಗ್ಸ್‌ನ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಪ್ರಿಂಟರಿಗೆ ಒಂದು ವಿಳಾಸ ಕಾಯ್ದಿರಿಸಿದರೆ ಈ ಗೋಳು ಮುಗಿಯಿತು. ಕನೆಕ್ಷನ್ ಕೊಡಲು ಬಂದವರೇ ಇದನ್ನು ಮಾಡಿಕೊಟ್ಟು ಹೋಗಬೇಕು.

ಡಿಸ್ಕಿನ ಕಥೆ ಬೇರೆ.

ರೌಟರಿನ ಹಿಂದೆ ಯು.ಎಸ್.ಬಿ. ಕಿಂಡಿ ಇದೆ, ಅದಕ್ಕೆ ಡಿಸ್ಕ್ ಸಿಕ್ಕಿಸಿದರೆ ಸಾಕು ಎಂಬ ಭರವಸೆ ಪೂರ್ತಿ ನಂಬುವಂಥದ್ದಲ್ಲ. ಹಳೆಯ ರೌಟರುಗಳಲ್ಲಿ ಹಲವಕ್ಕೆ ಫೈಲ್ ಹಂಚಲು ಗೊತ್ತಿರುವುದು ಎಸ್.ಎಂ.ಬಿ.1 ಎಂಬ ಹಳೆಯ ಪದ್ಧತಿ ಮಾತ್ರ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ) ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿದ್ದು ವಿಂಡೋಸ್‌ನ ಎಸ್.ಎಂ.ಬಿ.1ರಲ್ಲಿದ್ದ ಬಿರುಕಿನಿಂದಲೇ. ಅದೇ ವರ್ಷದ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟ್ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದನ್ನು ಕೈಬಿಡತೊಡಗಿತು. ಹಾಗಾಗಿ ಡಿಸ್ಕ್ ಕಾಣದಾದಾಗ ‘ಎಸ್.ಎಂ.ಬಿ.1 ಮತ್ತೆ ಆನ್ ಮಾಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದನ್ನು ಪಾಲಿಸಲೇಬಾರದು, ರೌಟರನ್ನೇ ಬದಲಿಸುವುದು ಮೇಲು.

ರೌಟರಿಗೆ ಜೋಡಿಸುವ ಡಿಸ್ಕಿನ ಬೇರೆಯೇ ಡಬ್ಬಿ ತಂದಿಟ್ಟರೂ ನಿಶ್ಚಿಂತೆಯಿಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ‘ಮೈ ಬುಕ್ ಲೈವ್’ ಇಟ್ಟುಕೊಂಡಿದ್ದ ಅನೇಕರು ಒಂದು ಬೆಳಿಗ್ಗೆ ನೋಡಿದರೆ ಡಿಸ್ಕ್ ಖಾಲಿ. ಕಂಪನಿ 2015ರಲ್ಲೇ ಅಪ್‌ಡೇಟ್ ನಿಲ್ಲಿಸಿದ್ದ ಆ ಡಬ್ಬಿಗಳು ಇಂಟರ್ನೆಟ್‌ಗೆ ತೆರೆದೇ ಇದ್ದವು; ಯಾರೋ ದೂರದಿಂದ ಫ್ಯಾಕ್ಟರಿ ರಿಸೆಟ್ ಮಾಡಿಬಿಟ್ಟಿದ್ದರು. ವರ್ಷಗಟ್ಟಲೆ ಕೂಡಿಟ್ಟ ಮಕ್ಕಳ ಫೋಟೊಗಳೂ ಹೋದವು.

ಹಾಗಾದರೆ ಒಪ್ಪಬಹುದಾದ ಏರ್ಪಾಡು ಯಾವುದು? ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮತ್ತು ಫೈಲ್ ಹಂಚುವ ಸಾಂಬಾ ತಂತ್ರಾಂಶ ಹಾಕಿ, ಕೇಬಲ್‌ನಿಂದಲೇ ರೌಟರಿಗೆ ಜೋಡಿಸುವುದು. ದುಡ್ಡು ಹೆಚ್ಚು ಬೇಡ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯು.ಪಿ.ಎಸ್. ಮನೆಯ ಹೊರಗಿನಿಂದ ಫೈಲ್ ನೋಡುವ ಸೌಲಭ್ಯ, ಅದಕ್ಕೆ ದಾರಿ ಬಿಡುವ ರೌಟರಿನ ಪೋರ್ಟ್ ಫಾರ್ವರ್ಡಿಂಗ್ ಎರಡನ್ನೂ ಮುಚ್ಚಿಡಬೇಕು. ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆದು, ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಬೇಕು. ಏಕೆಂದರೆ ಮನೆಯ ಒಂದೇ ಕಂಪ್ಯೂಟರಿಗೆ ರಾನ್ಸಮ್‌ವೇರ್ ಹೊಕ್ಕರೂ ಅದು ಹಂಚಿಕೊಂಡ ಫೋಲ್ಡರಿನ ಫೈಲುಗಳಿಗೂ ಬೀಗ ಹಾಕಬಲ್ಲದು.