‘ಕಂತಾಬ’ವನ್ನು ಆಲಿಸುವ ಬಗೆ

ಸ್ಪ್ಯಾನಿಷ್ ಕಥೆಗಳನ್ನು ಮೂಲದಲ್ಲೇ ಸವಿಯಬೇಕೆನ್ನುವವರು ಮೊದಲು ಕಿವಿಗೊಡಬೇಕಾದದ್ದು ಕ್ರಿಯಾಪದದ ಕೊನೆಗೆ. ‘ಕಂತೋ’ ಎಂದರೆ ಹಾಡಿದಳು, ಅಲ್ಲಿಗೆ ಹಾಡು ಮುಗಿಯಿತು. ‘ಕಂತಾಬ’ ಎಂದರೆ ಹಾಡುತ್ತಿದ್ದಳು. ಎಂದು ತೊಡಗಿದಳು, ಎಂದು ಬಿಟ್ಟಳು ಎಂಬ ಗೊಡವೆ ಅದಕ್ಕಿಲ್ಲ. ಇದೇ ಇಂಪೆರ್ಫೆಕ್ತೊ, ಅಪೂರ್ಣ ಭೂತಕಾಲ.

ರೂಪ ಸುಲಭ. ‘ಕಂತಾರ್’ (ಹಾಡು) ಧಾತುವಿನ ‘ಆರ್’ ತೆಗೆದು ಹಚ್ಚುತ್ತ ಹೋಗಿ: ಕಂತಾಬ, ಕಂತಾಬಸ್, ಕಂತಾಬ, ಕಂತಾಬಮೊಸ್, ಕಂತಾಬಯ್ಸ್, ಕಂತಾಬನ್. ಪುರುಷ, ವಚನ ಬದಲಾದರೂ ಒತ್ತು ಆ ‘ತಾ’ ಬಿಟ್ಟು ಕದಲುವುದಿಲ್ಲ. ‘ಬ’ ಉಚ್ಚರಿಸುವಾಗ ತುಟಿ ಪೂರ್ತಿ ಮುಚ್ಚಬೇಡಿ. ‘ಏರ್’, ‘ಈರ್’ ಎಂದು ಮುಗಿಯುವ ಧಾತುಗಳಿಗೆ ‘ಈಯ’: ಕೊಮೀಯ, ತಿನ್ನುತ್ತಿದ್ದ. ಲ್ಯಾಟಿನ್ನಿನ ‘ಬ’ ಮೊದಲ ಗುಂಪಿನಲ್ಲಿ ಉಳಿಯಿತು, ಇಲ್ಲಿ ಸವೆದುಹೋಯಿತು. ನಿಯಮ ಮೀರುವ ಕ್ರಿಯಾಪದಗಳು ಮೂರೇ: ಸೇರ್ (ಆಗಿರು), ಈರ್ (ಹೋಗು), ವೇರ್ (ನೋಡು).

‘ನಾನು ಹಾಡುತ್ತಿದ್ದೆ’, ‘ಅವನು ಹಾಡುತ್ತಿದ್ದ’, ‘ಅವಳು ಹಾಡುತ್ತಿದ್ದಳು’ ಮೂರಕ್ಕೂ ಕಂತಾಬ ಒಂದೇ. ಸರ್ವನಾಮವನ್ನು ಸ್ಪ್ಯಾನಿಷ್ ಸಾಮಾನ್ಯವಾಗಿ ಬಿಟ್ಟೇ ಬಿಡುತ್ತದೆ. ಹಾಡುತ್ತಿದ್ದವರು ಯಾರೆಂದು ಹಿಂದಿನ ವಾಕ್ಯದಿಂದ ಹಿಡಿದುಕೊಂಡು ಬರಬೇಕು. ಒಳ್ಳೆಯ ಲೇಖಕನ ಕೈಯಲ್ಲಿ ಈ ಮಸುಕೇ ಒಂದು ಸೊಗಸು.

ರೂಢಿ, ವಯಸ್ಸು, ಗಂಟೆ, ಹವೆ, ಮನಸ್ಸಿನ ಸ್ಥಿತಿ ಎಲ್ಲ ಇದರ ಪಾಲು. ಅಂಗಡಿಯಲ್ಲಿ ವಿನಯದಿಂದ ಕಾಫಿ ಕೇಳುವಾಗಲೂ ‘ಕೆರೀಯ’ (ಬೇಕಿತ್ತು) ಎನ್ನುತ್ತಾರೆ. ನಾವೂ ಹಾಗೇ ಅಲ್ಲವೇ ಕೇಳುವುದು? ಮಕ್ಕಳು ‘ನಾನು ರಾಣಿ, ನೀನು ಕಳ್ಳ’ ಎಂದು ಆಟ ಹೂಡುವುದೂ ಇದೇ ಕಾಲದಲ್ಲಿ. ಆಡಬೇಕಾದ ಆಟಕ್ಕೆ ಭೂತಕಾಲ! ನನಗೆ ಇದರ ಅತ್ಯಂತ ಚೆಲುವಾದ ಬಳಕೆ ಇದು.

ಆದರೆ ಇಂಪೆರ್ಫೆಕ್ತೊ ಒಂಟಿಯಾಗಿ ಅರಳುವುದು ಕಡಿಮೆ. ಪಕ್ಕದಲ್ಲಿ ಮುಗಿದ ಕ್ರಿಯೆಯೊಂದು ಬೇಕು. ಔಗುಸ್ತೊ ಮೊಂತೆರ‍್ರೊಸೊ 1959ರಲ್ಲಿ ಪ್ರಕಟಿಸಿದ ‘ಎಲ್ ದಿನೊಸೌರಿಯೊ’ ಏಳೇ ಪದಗಳ ಕಥೆ. ಅದರಲ್ಲಿ ಎಚ್ಚರಾಗುವುದು ಮುಗಿದ ಭೂತ, ಡೈನೊಸಾರ್ ಇರುವುದು ಅಪೂರ್ಣ ಭೂತ, ‘ಎಸ್ತಾಬ’. ಆ ಪ್ರಾಣಿ ಎಂದಿನಿಂದ ಇತ್ತು, ಮುಂದೆ ಹೋಯಿತೇ ಎಂಬುದನ್ನು ಕ್ರಿಯಾಪದ ಹೇಳುವುದಿಲ್ಲ. ಕಥೆಯ ದಿಗಿಲೆಲ್ಲ ಅಲ್ಲಿದೆ.

ಯಾವುದಾದರೂ ಸ್ಪ್ಯಾನಿಷ್ ಕಥೆಯ ಒಂದು ಪುಟ ಗಟ್ಟಿಯಾಗಿ ಓದಿ. ‘ಆಬ’, ‘ಈಯ’ಗಳ ಸಾಲು ಸಾಗುತ್ತಿರುವಾಗ ಥಟ್ಟನೆ ಒಂದು ‘ಓ’ ಬಿದ್ದರೆ ಅಲ್ಲಿ ನಿಲ್ಲಿ. ಕಥೆಯಲ್ಲಿ ಏನೋ ನಡೆದದ್ದು ಅಲ್ಲಿಯೇ.